ಡಬ್ಬಿಯಣ್ಣನ ಸ್ಯಾಂಪಲ್ಲು

ಕಾಡಿನಂಚಿನ ಆ ಪ್ರಯೋಗಾಲಯಕ್ಕೆ ಕಾಡುಹಂದಿಗಳ ಹೊಟ್ಟೆಯೊಳಗಿನ ದುಂಡುಹುಳುಗಳದ್ದೇ ಚಿಂತೆ. ಹಂದಿಯ ಮಲದಲ್ಲಿ ಹುಳುವಿನ ಮೊಟ್ಟೆ ಇದೆಯೇ ಎಂದು ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆ ಮಲವನ್ನು ಅಟೆಂಡರು ಡಬ್ಬಿಯಲ್ಲಿ ತರಬೇಕು. ಹೀಗಾಗಿ ಅವನು ಎಲ್ಲರ ಬಾಯಲ್ಲೂ ಡಬ್ಬಿಯಣ್ಣ.

ಬೆಳಗಾದರೆ ಅವನ ನಾದಿನಿಯ ಮದುವೆ. ಭಾವಮೈದನ ಮದುವೆಗೆ ಹೋಗದಿದ್ದಕ್ಕೇ ಹೆಂಡತಿ ಇನ್ನೂ ಮುಖ ಊದಿಸಿಕೊಂಡಿದ್ದಳು. ಸಂಜೆ ಬಸ್ಸು ಹಿಡಿಯದಿದ್ದರೆ ಅವನ ಕತೆ ಮುಗಿದಂತೆಯೇ.

“ಸ್ಯಾಂಪಲ್ ಟೇಬಲ್ ಮೇಲಿಡು, ರಜ ತಗೊಂಡು ಹೊರಡು,” ಎಂದರು ಡಾಕ್ಟರಮ್ಮ.

“ಅಡುಗೆಮನೆ ಹಿಂದಿನ ತಿಪ್ಪೆಗೆ ಹಂದಿ ಬರ್ತವೆ, ಕಾದು ಕೂತ್ಕೋ ಅಣ್ಣ,” ಎಂದ ಜೀಪಿನ ಡ್ರೈವರ್.

ಹಂದಿ ಬಂತು. ಬಂದದ್ದು ನೇರ ಡಬ್ಬಿಯಣ್ಣನ ಮೇಲೇ! ಮೂರು ಮಕ್ಕಳ ತಂದೆ ಕೋತಿಮರಿಯಂತೆ ಮರ ಹತ್ತಿದ. ಹಂದಿ ಬಸ್ಸಿಗೆ ಕಾಯುವವರ ಹಾಗೆ ಅತ್ತಿತ್ತ ನೋಡುತ್ತ ನಿಂತು, ಬೇಜಾರಾಗಿ, ಬೇಕಾದ್ದನ್ನು ಬುಡದಲ್ಲೇ ಹಾಕಿ ಹೋಯಿತು.

ಹಿಗ್ಗಿನಲ್ಲಿ ಜಾರಿದ ಡಬ್ಬಿಯಣ್ಣ ಸರಿಯಾಗಿ ಅದರ ಮೇಲೇ ಕೂತ. ಪರವಾಗಿಲ್ಲ, ಪ್ಯಾಂಟಿನಿಂದ ಕೆರೆದುಕೊಂಡರಾಯಿತು ಎನ್ನುವಷ್ಟರಲ್ಲಿ ಅಡುಗೆಯಕ್ಕ ನೀರಿನ ಪೈಪು ಹಿಡಿದು ಓಡಿಬಂದಳು.

“ಏನೋ ನಿನ್ನ ಅವತಾರ! ತಿರುಗು ಆ ಕಡೆ!”

“ಬೇಡಕ್ಕಾ! ಇದು ಡಾಕ್ಟರಮ್ಮಂಗೆ ಕೊಡೋದು!”

“ಇದನ್ನ ಕೊಡ್ತೀಯಾ ಅವರಿಗೆ? ಮಾನ ಮರ್ಯಾದೆ ಇದೆಯೇನೋ? ಈ ಪ್ಯಾಂಟು ಒಗೆದು ಎಷ್ಟು ದಿನ ಆಯ್ತು? ಬಿಚ್ಚು!”

ಅಕ್ಕನ ಉಪಕಾರ ಮುಗಿದಾಗ ಪ್ಯಾಂಟು ಹಗ್ಗದ ಮೇಲೆ, ಸ್ಯಾಂಪಲ್ಲು ಚರಂಡಿಯಲ್ಲಿ, ಡಬ್ಬಿಯಣ್ಣ ಡ್ರೈವರನ ಮಳೆಕೋಟಿನಲ್ಲಿ.

ಹೊತ್ತು ಇಳಿಯುತ್ತಿತ್ತು. ಆಗಲೇ ಕಂಡದ್ದು ಬಂಗಾರಿ. ಡಾಕ್ಟರಮ್ಮನ ಮುದ್ದಿನ ನಾಯಿ ಬೇಲಿಯ ಪಕ್ಕ ಬೆನ್ನು ಬಾಗಿಸಿ ಕೂತಿತ್ತು. ಹೊರಗೆ ಬಂದ ಮೇಲೆ ಹಂದಿಯದೇನು, ನಾಯಿಯದೇನು? ಡಬ್ಬಿ ತುಂಬಿತು.

ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ ಡಾಕ್ಟರಮ್ಮನ ಮುಖ ಕೆಂಡವಾಗಿತ್ತು.

“ಇದ್ರಲ್ಲಿ ನಾಯಿ ಹುಳದ ಮೊಟ್ಟೆ ಇದೆ ಕಣೋ! ಯಾರದೋ ನಾಯಿ ಇಲ್ಲೆಲ್ಲೋ ಗಲೀಜು ಮಾಡಿದೆ, ಹಂದಿ ಅದನ್ನ ತಿಂದಿದೆ. ನಾಯಿಗೆ ಹುಳದ ಮಾತ್ರೆ ಕೊಡದ ಆ ಬೇಜವಾಬ್ದಾರಿ ಮನುಷ್ಯ ಸಿಗೋವರೆಗೂ ನಿಂಗೆ ರಜ ಇಲ್ಲ!”

“ಬೀದಿ ನಾಯಿದಿರಬೇಕು ಅಮ್ಮಾ…”

“ಇದ್ರೂ ಇರಬಹುದು. ನಮ್ಮ ಬಂಗಾರಿದಂತೂ ಅಲ್ಲ. ಹೋದ ವಾರ ನೀನೇ ತಾನೆ ಮಾತ್ರೆ ತಿನ್ನಿಸಿದ್ದು?”

“ಹೌದಮ್ಮ. ಗುಳುಂ ಅಂತ ನುಂಗಿಬಿಡ್ತು.”

“ಸರಿ, ಬೀದಿ ನಾಯಿನೇ. ಹೊರಡು, ಬಸ್ ತಪ್ಪೀತು.”

ಬದುಕಿದೆಯಾ ಬಡಜೀವವೇ ಎಂದು ಡಬ್ಬಿಯಣ್ಣ ತಿರುಗಿದರೆ, ಬಾಗಿಲಲ್ಲಿ ಅಡುಗೆಯಕ್ಕ. ಕೈಯಲ್ಲಿ ಮಡಿಚಿದ ಪ್ಯಾಂಟು.

“ತಗೋ, ಒಣಗಿದೆ. ಜೇಬಲ್ಲಿ ಬಂಗಾರಿ ಮಾತ್ರೆ ಇತ್ತು. ಅಮ್ಮಾವ್ರು ಕೊಟ್ಟಿದ್ದಲ್ವಾ ಅಂತ ನೀರು ತಾಗದ ಹಾಗೆ ಜೋಪಾನ ಮಾಡಿದೀನಿ,” ಎಂದು ಒಡೆಯದ ಪೊಟ್ಟಣವನ್ನು ಡಾಕ್ಟರಮ್ಮನ ಮುಂದಿಟ್ಟಳು.

ಅಕ್ಕನ ಹಿಂದೆಯೇ ಬಂದಿದ್ದ ಬಂಗಾರಿ ಮಾತ್ರೆ ಕಂಡದ್ದೇ ಮೇಜಿನಡಿ ನುಸುಳಿತು. ಡಬ್ಬಿಯಣ್ಣನಿಗೆ ಅಲ್ಲಿ ಜಾಗ ಉಳಿಯಲಿಲ್ಲ.