ಬಳೆ ತೊಡಿಸುವ ಆಸ್ಪತ್ರೆ

ನಾನು ಜೀಪು ಹತ್ತಿದ ದಿನ ನಗುವಂಥದ್ದೊಂದು ಆಗದೆ ಇದ್ದದ್ದೇ ಇಲ್ಲ. ಮಕ್ಕಳಾಗದಂತೆ ಗರ್ಭಕೋಶದೊಳಗೆ ಇಡುವ ಲೂಪು ಬಂದ ಹೊಸದು. ಮಧುಗಿರಿಯಿಂದ ಹಳ್ಳಿಹಳ್ಳಿಗೆ ಹೋಗಿ ಹೆಂಗಸರನ್ನು ಒಪ್ಪಿಸುವುದು ನನ್ನ ಕೆಲಸ; ಬಿ.ಎ.ಯಲ್ಲಿ ಯಾರೂ ಕಲಿಸದಿದ್ದ ಪಾಠ. ಲೂಪು ಇಡಿಸಿಕೊಂಡವರು ಆಮೇಲೂ ಬಂದು ತೋರಿಸಿಕೊಳ್ಳಬೇಕಿತ್ತು. ಜೀಪಿನಲ್ಲಿ ನನ್ನ ಜೊತೆ ಬರುತ್ತಿದ್ದ ಡಾಕ್ಟರಮ್ಮ ಗರ್ಭಕೋಶದ ಬಾಯಿಯಿಂದ ಕಡ್ಡಿಯಲ್ಲಿ ಒಂದಿಷ್ಟು ಲೋಳೆ ತೆಗೆದು, ಗಾಜಿನ ಮೇಲೆ ಸವರಿ, ಬೆಂಗಳೂರಿಗೆ ಕಳಿಸುತ್ತಿದ್ದರು. ಕ್ಯಾನ್ಸರಿನ ಸುಳಿವಿದ್ದರೆ ಮೊದಲೇ ತಿಳಿಯಲಿ ಎಂದು. ಒಮ್ಮೆ ಒಪ್ಪಿಸುವುದು ಹೇಗೋ ಆಗುತ್ತಿತ್ತು; ಮತ್ತೆ ಕರೆತರುವುದೇ ಫಜೀತಿ.

ಏನೂ ಇಲ್ಲ

ಚನ್ನರಾಯನದುರ್ಗದ ಕಡೆಯ ಒಬ್ಬಾಕೆಗೆ ಡಾಕ್ಟರಮ್ಮ, "ನಿನಗೆ ಏನೂ ಇಲ್ಲಮ್ಮ" ಎಂದರು. ಆಕೆ ಮುಖ ಊದಿಸಿಕೊಂಡಳು.

"ಏನೂ ಇಲ್ದಿದ್ಮೇಲೆ ಕೆಲ್ಸ ಬುಡಿಸಿ ಯಾಕವ್ವ ಕರೆಸಿದ್ರಿ? ಮನೇಲಿ ಏನಂತ ಹೇಳ್ಲಿ? ಒಂದು ಸೂಜಿನಾದ್ರೂ ಚುಚ್ಚಿ!"

ಡಾಕ್ಟರಮ್ಮ ಸೋತು, ರಕ್ತ ಹೆಚ್ಚಿಸುವ ಮಾತ್ರೆ ಕೊಟ್ಟರು. ಮುಂದಿನ ತಿಂಗಳು ಆಕೆ ಓರಗಿತ್ತಿಯನ್ನು ಎಳೆದುಕೊಂಡು ಬಂದಳು.

"ಇವ್ಳಿಗೂ ಏನೂ ಇಲ್ಲ ಅಂತ ಹೇಳ್ಬುಡಿ. ನಂಗೊಬ್ಳಿಗೇ ಹೇಳಿದ್ರಲ್ಲ, ಇವ್ಳಿಗೆ ಹೊಟ್ಟೆಕಿಚ್ಚು!"

ಗಾಜಿನ ಪ್ರಯಾಣ

ಪಾವಗಡದಲ್ಲಿ ಒಬ್ಬಾಕೆ ಗಾಜನ್ನೇ ದಿಟ್ಟಿಸುತ್ತಿದ್ದಳು. "ಇದು ಎಲ್ಲಿಗಮ್ಮಾ ಹೋಗೋದು?"

"ಬೆಂಗಳೂರಿಗೆ."

"ಅಯ್ಯೋ ದೇವುಡಾ! ಮದ್ವೆಯಾದಾಗಿಂದ ಬೆಂಗ್ಳೂರು ತೋರಿಸ್ತೀನಿ ಅಂತಾನೇ ಅವ್ನೆ ನನ್ನ ಗಂಡ. ಗಾಜಿನ ಬದ್ಲು ನನ್ನೇ ಕಳ್ಸಿಬುಡಮ್ಮಾ!"

ಶಿರಾದ ಬಳೆ

ಶಿರಾದ ಸುತ್ತಿನ ಸೊಸೆಯರು ಅತ್ತೆಯಂದಿರಿಗೆ ಹೇಳದೆ ಲೂಪು ಇಡಿಸಿಕೊಂಡವರು. ಆಸ್ಪತ್ರೆಗೆ ಬರಲು ನೆಪ ಬೇಕಲ್ಲ? "ಬಳೆ ತೊಡಿಸ್ಕಂಡು ಬತ್ತೀನಿ" ಅನ್ನುವುದು. ಆಸ್ಪತ್ರೆಯ ಗೇಟಿನಲ್ಲೇ ಬುಟ್ಟಿ ಇಟ್ಟುಕೊಂಡಿದ್ದ ಬಳೆಗಾರ್ತಿ ಬೂಬಮ್ಮನ ಹತ್ತಿರ ಬಳೆ ತೊಟ್ಟೇ ಎಲ್ಲರೂ ಬಸ್ಸು ಹತ್ತುತ್ತಿದ್ದರು.

ಅವರಲ್ಲೊಬ್ಬ ಸೊಸೆಯ ಗಾಜು ನೋಡಿದ ಬೆಂಗಳೂರಿನವರು, ಅನುಮಾನವಿದೆ, ಇನ್ನೊಮ್ಮೆ ಕಳಿಸಿ ಅಂದರು. ನಾನು ಮನೆಗೆ ಹೋದರೆ ಗುಟ್ಟು ರಟ್ಟಾಗುತ್ತದೆ. ಹೋಗದಿದ್ದರೆ ಹುಡುಗಿಯ ಜೀವದ ಪ್ರಶ್ನೆ. ಬೂಬಮ್ಮನನ್ನೇ ಕೇಳಿಕೊಂಡೆ.

"ಫಿಕರ್ ಮಾಡ್ಬೇಡಿ ಅಮ್ಮಾ" ಎಂದು ಹೋದವಳು ಆ ಮನೆಯ ಬಾಗಿಲಲ್ಲಿ, "ಅವತ್ತು ತೊಡಿಸಿದ್ದು ಸೀಳು ಬಳೆ, ಬದಲಾಯಿಸ್ಕೊಡ್ತೀನಿ, ಬಂದ್ಬಿಡು" ಎಂದಳಂತೆ. ಸೊಸೆ ಬಂದಳು. ಹಿಂದೆಯೇ ಅತ್ತೆಯೂ ಬಂದಳು!

ಸೊಸೆ ಬೆವರುತ್ತ, "ನಾ ಒಳಗೆ ನೀರು ಕುಡ್ದು ಬತ್ತೀನತ್ತೆ" ಎಂದು ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಅತ್ತೆ ನನ್ನ ಸೆರಗು ಹಿಡಿದು ಮೂಲೆಗೆ ಎಳೆದಳು. ಮುಗಿಯಿತು ಅಂದುಕೊಂಡೆ.

"ಯಾವ ಬಳೆಗಾರ್ತಿ ಫಿನಾಯ್ಲು ಹಾಕಿ ಬಳೆ ತೊಡಿಸ್ತಾಳವ್ವಾ? ಸೊಸೆ ಬಳೆ ತೊಟ್ಟು ಮನೆಗೆ ಬಂದ್ರೆ ಆಸ್ಪತ್ರೆ ವಾಸ್ನೆ ಗಮ್ಮಂತೈತೆ. ನಂಗೆಲ್ಲ ಗೊತ್ತು ಕಣವ್ವ. ಗೊತ್ತೈತೆ ಅಂತ ಹೇಳಿದ್ರೆ ಹೆದ್ರಿ ಲೂಪು ತೆಗೆಸ್ಕಂಡು ಬುಡ್ತಾಳೆ. ಆಮೇಲೆ ಹುಟ್ಟೋದ್ನ ಸಾಕೋಳು ಯಾರು? ನಾನೇ ತಾನೆ!" ಆಮೇಲೆ ದನಿ ಇಳಿಸಿದಳು. "ಮುಟ್ಟು ನಿಂತು ಕಾಲವಾಯ್ತು. ಈಗ ಮತ್ತೆ ಕೆಂಪು ಕಾಣ್ತೈತೆ. ನನ್ನೂ ನೋಡ್ಸವ್ವ. ಸೊಸೆಗೆ ಮಾತ್ರ ಹೇಳ್ಬ್ಯಾಡ."

ಸೊಸೆ ಹೊರಬಂದವಳೇ ನನ್ನ ಕಿವಿಯಲ್ಲಿ, "ಅತ್ತೆಗೆ ಮಾತ್ರ ಹೇಳ್ಬ್ಯಾಡಿ ಅಕ್ಕಾ" ಎಂದಳು. ಅವಳನ್ನು ಬಳೆಗೆ ಕೂರಿಸಿ, ಅತ್ತೆಯನ್ನು ಒಳಗೆ ದಾಟಿಸಿದೆ. ಡಾಕ್ಟರಮ್ಮ ಗರ್ಭಕೋಶದ ಬಾಯಲ್ಲಿದ್ದ ಒಂದು ಪುಟ್ಟ ಗಂಟನ್ನು ತೆಗೆದು ಅದನ್ನೂ ಬೆಂಗಳೂರಿಗೆ ಕಳಿಸಿದರು.

ಫಲಿತಾಂಶದ ದಿನ ಸೊಸೆ ಒಂದು ಬಸ್ಸಿನಲ್ಲಿ, ಅತ್ತೆ ಅದರ ಹಿಂದೆ ಬಂದ ಬಸ್ಸಿನಲ್ಲಿ. ಡಾಕ್ಟರಮ್ಮ ಇಬ್ಬರನ್ನೂ ಬೇರೆ ಬೇರೆ ಕರೆದು ಹೇಳಿದ್ದು ಒಂದೇ ಮಾತು: "ಏನೂ ಇಲ್ಲ." ಅಷ್ಟು ಒಳ್ಳೆಯ ಮಾತನ್ನು ನಾನು ಬೇರೆ ಕೇಳಿಲ್ಲ. ಸೊಸೆ ಅತ್ತು ಮುಖ ಒರೆಸಿಕೊಂಡು ಗೇಟಿಗೆ ಬಂದರೆ, ಅಲ್ಲಿ ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದಾಳೆ!

"ನಾನು... ಬಳೆಗೆ ಬಂದೆ ಅತ್ತೆ."

"ನಾನೂ ಅದ್ಕೇ ಕಣಮ್ಮ."

ಇಬ್ಬರೂ ಬೂಬಮ್ಮನ ಮುಂದೆ ಕೂತು ಕೈ ಚಾಚಿದರು. ಬೂಬಮ್ಮ ಅವರ ಮೊಣಕೈವರೆಗೂ ತುಂಬಿದ್ದ ಬಳೆಗಳನ್ನು ನೋಡಿದಳು, ಆಸ್ಪತ್ರೆಯನ್ನು ನೋಡಿದಳು, ನನ್ನನ್ನೂ ನೋಡಿದಳು.

"ಕೈಲಿ ಜಾಗ ಇಲ್ಲಮ್ಮಾ. ಇನ್ನು ಕಾಲು ಚಾಚಿ!"