ಹಿಂದಿನಿಂದ ಕಂಡ ಕಿರೀಟ

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಬೇರೆಯವರ ನೆನಪಿನ ಮೇಲಂತೂ ಇಲ್ಲವೇ ಇಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದರ ಫಲ ಇದು. ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದು ಎಂದು ಅಲ್ಲಿ ಕಲಿಸಿದರು. ನಿಜವಾಗಿ ಅಲ್ಲಿ ಕಲಿಸಿದರೋ, ಎಲ್ಲೋ ಓದಿದ್ದನ್ನು ನಾನೇ ಆ ಮೇಷ್ಟ್ರುಗಳ ತಲೆಗೆ ಕಟ್ಟಿದ್ದೇನೋ, ಈಗ ಅದೂ ಖಚಿತವಿಲ್ಲ. ಇಂಥ ಮನುಷ್ಯ ಹೆಣ್ಣು ನೋಡಲು ಹೋದಾಗ ಬಾಯಿ ಬಿಗಿಹಿಡಿದು ಕೂರಬೇಕು. ನಾನು ಕೂರಲಿಲ್ಲ.

ಹುಬ್ಬಳ್ಳಿಯ ಆ ಮನೆಯಲ್ಲಿ ಅವಲಕ್ಕಿ, ಚಹಾ ಮುಗಿದ ಮೇಲೆ ನಮ್ಮಿಬ್ಬರನ್ನೇ ಹಿತ್ತಲಿಗೆ ಕಳಿಸಿದರು. ಸುನಂದಾ ತುಳಸಿಕಟ್ಟೆ ನೋಡುತ್ತ ನಿಂತಳು, ನಾನು ಒಣಹಾಕಿದ ಬಟ್ಟೆ ನೋಡುತ್ತ ನಿಂತೆ. ಆ ಮೌನ ತುಂಬಲು, ವಿದ್ಯಾರ್ಥಿಯಾಗಿದ್ದಾಗ ಇಂಗ್ಲೆಂಡಿನಿಂದ ಪೆಂಬರ್ಟನ್ ಎಂಬ ನಾಟಕ ನಿರ್ದೇಶಕರು ಬಂದು ನಮ್ಮಿಂದ ಒಂದು ನಾಟಕ ಮಾಡಿಸಿದ್ದನ್ನೂ, ಅದರಲ್ಲಿ ನಾನು ರಾಜನಾಗಿದ್ದುದನ್ನೂ ಹೇಳಿದೆ. ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. ಮದುವೆಯಾಯಿತು. ಸಂಶಯ ಬಂದದ್ದು ಆಮೇಲೆ. ಆ ನಾಟಕ ನೆನೆದಾಗಲೆಲ್ಲ ನನಗೆ ರಾಜನ ತಗಡಿನ ಕಿರೀಟ ಕಾಣುತ್ತದೆ. ಅದು ಜಾರದಂತೆ ಹಿಂಬದಿಯಲ್ಲಿ ಬೂಟಿನ ಲೇಸಿನಿಂದ ಹಾಕಿದ ಗಂಟೂ ಕಾಣುತ್ತದೆ. ತನ್ನ ತಲೆಯ ಹಿಂದಿನ ಗಂಟು ರಾಜನಿಗೆ ಹೇಗೆ ಕಾಣಬೇಕು? ಅದು ಕಾಣುವುದು ಅವನ ಬೆನ್ನ ಹಿಂದೆ ಈಟಿ ಹಿಡಿದು ನಿಂತವನಿಗೆ.

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಯುತ್ತಿದ್ದ ವರ್ಷಗಳಲ್ಲಿ ನಾವೂ ಬಂದು ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಇಳಿದೆವು. ಕಾರಿನ ಬ್ರೇಕಿಗೆ ಬರೆದ ಪ್ರೋಗ್ರಾಂ ಪರೀಕ್ಷಿಸುವುದು ನನ್ನ ಕೆಲಸ. ಅಂದರೆ ಸಂಶಯಪಡುವುದಕ್ಕೇ ಸಂಬಳ. ಆದರೆ ಸಂಜೆ ಕನ್ನಡದವರ ಮನೆಗಳಲ್ಲಿ ಸುನಂದಾ ರಾಜನ ಪಾತ್ರದ ಕಥೆಯನ್ನು ಎಳ್ಳಷ್ಟೂ ಸಂಶಯವಿಲ್ಲದೆ ಹೇಳುತ್ತಿದ್ದಳು. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ, ಬಾಗಲಕೋಟೆಯ ಪಾಟೀಲರು, ನನ್ನನ್ನು ಕರೆಯುತ್ತಿದ್ದುದೇ ರಾಜಾಸಾಹೇಬರೆಂದು. ಜರ್ಮನ್ ಬಾರದೆ ಅಂಗಡಿಯಿಂದ ಮೊಸರೆಂದು ಬೇರೇನನ್ನೋ ತರುತ್ತಿದ್ದ ದಿನಗಳಲ್ಲಿ ನನಗಿದ್ದ ಮರ್ಯಾದೆ ಅದೊಂದೇ.

ಕೂಟದ ಯುಗಾದಿ ಸಮಾರಂಭಕ್ಕೆ ಮುಂಚೆ ಪಾಟೀಲರು ಮನೆಗೇ ಬಂದರು.

“ರಾಜಾಸಾಹೇಬ್ರ, ಮುಖ್ಯ ಅತಿಥಿ ಸಿಕ್ರು! ನಿಮ್ಮ ಪೆಂಬರ್ಟನ್ ಸಾಹೇಬ್ರು. ಇಲ್ಲೇ ಬಾಜೂ ಊರಿನ ಥಿಯೇಟರ್‌ನ್ಯಾಗ ಅದಾರ.”

“ಬ್ಯಾರೆ ಯಾರರ ಇರಬೇಕ್ರಿ,” ಎಂದೆ.

“ಧಾರವಾಡ ಅಂದಕೂಡ್ಲೇ ಪೇಢಾ ಅಂದ್ರು. ಬ್ಯಾರೆಯವ್ರು ಹೆಂಗಾಗ್ತಾರ? ಅತಿಥಿ ಪರಿಚಯ ನೀವ ಮಾಡ್ಬೇಕು ಮತ್ತ.”

ಸುನಂದಾಳ ಮುಖ ಅರಳಿತು. “ಅವ್ರ ಬಾಯಿಂದನ ನಿಮ್ಮ ಕಥಿ ಕೇಳೋಣಂತ. ಎಲ್ಲಾರೂ ಕೇಳ್ಲಿ.”

ಪರಿಚಯಕ್ಕೆ ವಿವರ ಬೇಕೆಂಬ ನೆಪ ಮಾಡಿಕೊಂಡು ನಾನೊಬ್ಬನೇ ಮೊದಲು ಪೆಂಬರ್ಟನ್ ಸಾಹೇಬರ ಮನೆಗೆ ಹೋದೆ. ಅವರು ನನ್ನ ಗುರುತು ಹಿಡಿಯಲಿಲ್ಲ, ಎದುರಿಗೆ ಕೂಡಿಸಿಕೊಂಡು ತಮ್ಮ ವೃತ್ತಿಜೀವನವನ್ನು ಹೇಳತೊಡಗಿದರು. ಕಾಫಿ ಕುಡಿಯುವಾಗ, ಲಂಡನ್ನಿನ ದೊಡ್ಡ ರಂಗಮಂದಿರವನ್ನು ತತ್ವಕ್ಕಾಗಿ ತಾವೇ ಬಿಟ್ಟಿದ್ದರು. ವೈನಿನ ಮೊದಲ ಲೋಟಕ್ಕೆ ರಂಗಮಂದಿರದವರೇ ಇವರನ್ನು ಬಿಡಿಸಿದ್ದರು. ಎರಡನೆಯ ಲೋಟದ ಹೊತ್ತಿಗೆ ಆ ರಂಗಮಂದಿರವೇ ಮುಚ್ಚಿಹೋಗಿತ್ತು. ಆಮೇಲೆ ಭಾರತ, ಆಮೇಲೆ ಒಬ್ಬ ಜರ್ಮನ್ ನಟಿಯೊಡನೆ ಮದುವೆ, ಈ ಊರು. ಇಲ್ಲಿ ನಾಟಕಕ್ಕೆ ಊರಾಡಳಿತವೇ ಹಣ ಕೊಡುವುದರಿಂದ ಪ್ರೇಕ್ಷಕರಿಗೆ ಹೆದರಬೇಕಾಗಿಲ್ಲ ಎಂದರು. ಕೆಲವು ವರ್ಷಗಳಿಂದ ಇವರ ಕೈಗೆ ಕ್ರಿಸ್ಮಸ್ಸಿನ ಮಕ್ಕಳ ನಾಟಕವಷ್ಟೇ ಕೊಡುತ್ತಿದ್ದರಂತೆ. ತೋಳದ ಪಾತ್ರದವನಿಗೆ ಜ್ವರ ಬಂದರೆ ತಾವೇ ತೋಳ. ಇದನ್ನು ಮಾತ್ರ ಯಾವ ಲೋಟದಲ್ಲೂ ಬದಲಾಯಿಸಲಿಲ್ಲ. ಧಾರವಾಡದ ರಾಜ ಯಾರೆಂದು ಕೇಳಲು ಬಾಯಿ ತೆರೆದೆ. ಧೈರ್ಯ ಸಾಲದೆ ಬಸ್ಸಿನ ಹೊತ್ತು ಕೇಳಿದೆ.

ನಮ್ಮಲ್ಲಿ ಅತಿಥಿ ಪರಿಚಯಕ್ಕೆ ಒಂದು ಕಟ್ಟಳೆಯಿದೆ. ಅತಿಥಿಗೇ ತನ್ನ ಗುರುತು ಹತ್ತಬಾರದು. ಯುಗಾದಿಯ ದಿನ ಬಾಡಿಗೆ ಸಭಾಂಗಣದಲ್ಲಿ ನಾನು ಆ ಕಟ್ಟಳೆಗೆ ಕುಂದು ತರಲಿಲ್ಲ. ಲಂಡನ್ನಿನ ರಂಗಭೂಮಿ ಅವರ ಅಗಲಿಕೆಯನ್ನು ತಾಳಲಾರದೆ ಬಾಗಿಲು ಮುಚ್ಚಿತು ಎಂದೆ. ಮಕ್ಕಳ ನಾಟಕವನ್ನು ‘ನಾಳಿನ ಪೀಳಿಗೆಗೆ ಧಾರೆಯೆರೆದ ವಿದ್ಯೆ’ ಎಂದೆ. ತೋಳವನ್ನು ಬಿಟ್ಟೆ. ಸಾಹೇಬರಿಗಾಗಿ ಇಂಗ್ಲಿಷಿನಲ್ಲೂ ಹೇಳಿದೆ; ಅವರು ಯಾರೋ ಮಹನೀಯರ ವಿಷಯ ಕೇಳುವವರಂತೆ ತಲೆದೂಗಿದರು. ಪಾಟೀಲರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಆಗ ಸುನಂದಾ ಮುಂದಿನ ಸಾಲಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲೇ ಕೇಳಿದಳು, “ಸರ್, ನಿಮ್ಮ ಧಾರವಾಡದ ನಾಟಕದಲ್ಲಿ ನಮ್ಮವರು ರಾಜನಾಗಿದ್ದರಲ್ಲವೇ?”

ಸಾಹೇಬರು ನನ್ನನ್ನು ನೋಡಿದರು. ಜೀವಮಾನವಿಡೀ ರಂಗದ ಮೇಲೆ ಕಳೆದ ಮನುಷ್ಯ; ಯಾವಾಗ ಯಾವ ಮಾತು ಬೇಕೆಂದು ಬಲ್ಲವರು. ಕೈ ಎತ್ತಿ, “ನಾನು ಕಂಡ ಅತ್ಯುತ್ತಮ ರಾಜ!” ಎಂದರು. ಚಪ್ಪಾಳೆ ಬಿತ್ತು. ಸುನಂದಾಳ ಕಣ್ಣಲ್ಲಿ ನೀರು. ನನ್ನ ಜೀವ ತಿರುಗಿ ಬಂತು. ಭೌತಶಾಸ್ತ್ರದಲ್ಲೂ ಇಷ್ಟು ಚಂದದ ಪುರಾವೆ ನಾನು ಕಂಡಿರಲಿಲ್ಲ.

ಅದು ಹೋಳಿಗೆ ಬಡಿಸುವವರೆಗೆ ಬಾಳಿತು. ಕೂಟದವನೇ ಆದ ಉಡುಪಿಯ ಶೆಣೈ, ಊಟದ ಪಂಕ್ತಿಯಲ್ಲಿ ಸಾಹೇಬರ ಪಕ್ಕ ಕೂತು, ತಾನೂ ಒಮ್ಮೆ ಧಾರವಾಡಕ್ಕೆ ಹೋಗಿದ್ದೆನೆಂದು ಸುಮ್ಮನೆ ಹೇಳಿದ. ಸಾಹೇಬರು ಅವನ ಭುಜ ಹಿಡಿದು, “ನಿನ್ನನ್ನು ಮರೆಯುವುದುಂಟೇ? ನನ್ನ ಸೇನಾಪತಿ!” ಎಂದರು.

ಶೆಣೈ ನನ್ನ ಕಡೆ ಬಗ್ಗಿ, “ಮಾರಾಯ್ರೇ, ನಾನು ಹೋದದ್ದು ಅಕ್ಕನ ಮನೆಗೆ. ಇವರು ಎಂತ ಹೇಳುದು?” ಎಂದ. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಹೊರಡುವ ಮುಂಚೆ ಗುಂಪಿನ ಫೋಟೋ. ಸಾಹೇಬರಿಗೆ ಸೆಕೆಯಾಗಿ, ಪೇಟ ತೆಗೆದು, ತಿರುಗಿಯೂ ನೋಡದೆ ಹಿಂದಕ್ಕೆ ಚಾಚಿದರು. ಯಾರೂ ಹೇಳುವ ಮೊದಲೇ ನನ್ನ ಎರಡೂ ಕೈ ಅದನ್ನು ಹಿಡಿದಿದ್ದವು. ಅವರ ಬೆನ್ನ ಹಿಂದೆ, ಅಳತೆಗೆ ಸರಿಯಾದ ದೂರದಲ್ಲಿ ನಿಂತಿದ್ದೆ. ಇದನ್ನು ಹಿಂದೆಯೂ ಮಾಡಿದ್ದೇನೆಂದು ಕೈಗಳಿಗೆ ಚೆನ್ನಾಗಿ ಗೊತ್ತಿದ್ದಂತಿತ್ತು.

“ಅಲ್ರೀ, ಕೈಯಾಗ ಯಾಕ ಹಿಡ್ಕೊಂಡೀರಿ? ಹಾಕ್ಕೋರಿ, ತಗೀತೀನಿ,” ಎಂದಳು ಸುನಂದಾ, ಕ್ಯಾಮೆರಾ ಎತ್ತಿ.

ಹಾಕಿಕೊಂಡೆ. ದೊಡ್ಡದಾಗಿತ್ತು, ಹುಬ್ಬಿನ ತನಕ ಇಳಿಯಿತು.

ಆ ಫೋಟೋ ನಮ್ಮ ಹಾಲ್‌ನಲ್ಲಿದೆ. ಹೊಸದಾಗಿ ಬಂದವರು ಅದನ್ನು ನೋಡಿ, “ಓ, ಇದೇ ಏನ್ರೀ ಆ ನಾಟಕದ್ದು?” ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ವಿಜ್ಞಾನ ಓದಿದವನು, ಪುರಾವೆ ಗೋಡೆಯ ಮೇಲಿರುವಾಗ ವಾದಕ್ಕೆ ನಿಲ್ಲುವುದು ನನಗೆ ಶೋಭಿಸುವುದಿಲ್ಲ.