ನಿಂತ ಗಾಡಿ ಲೆಕ್ಕಕ್ಕಿಲ್ಲ

ಬೀದಿಯ ತುದಿಯ ಹಳೆಯ ಸೋಪಿನ ಕಾರ್ಖಾನೆಯನ್ನು ಕೆಡವಿ ಅಲ್ಲಿ ಹದಿನಾಲ್ಕು ಮಹಡಿಯ ನಾಲ್ಕು ಕಟ್ಟಡ ಎಬ್ಬಿಸುತ್ತಾರೆ, ಒಟ್ಟು ನಾನೂರು ಮನೆ, ಎಂಬ ನೋಟೀಸು ಗೋಡೆಗೆ ಅಂಟಿದ ದಿನ ಬೀದಿಯವರೆಲ್ಲ ಬೆಚ್ಚಿಬಿದ್ದರು. ಹಿಗ್ಗಿದವರು ಒಬ್ಬರೇ, ಮೂಲೆಮನೆಯ ಟೈಮ್‌ಕೀಪರ್.

ಹಿಗ್ಗಿಗೆ ಕಾರಣವಿತ್ತು. ಮೂವತ್ತೆರಡು ವರ್ಷ ಬಸ್ ಡಿಪೋದ ಗೇಟಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆದ ಕೈ ಅದು. ನಿವೃತ್ತರಾದ ಮೇಲಿನ ಹನ್ನೊಂದು ವರ್ಷದಲ್ಲಿ ಆ ಕೈಗೆ ಬರೆಯಲು ಸಿಕ್ಕಿದ್ದು, ಹೆಂಡತಿ ಎಷ್ಟು ಹೊತ್ತಿಗೆ ಕಾಫಿ ಕೊಟ್ಟಳು ಎಂಬುದೊಂದೇ. (ನಿಜವಾಗಿಯೂ ಬರೆದಿಟ್ಟಿದ್ದರು. ಆ ಪುಸ್ತಕ ಒಂದು ದಿನ ಆಕೆಯ ಕಣ್ಣಿಗೆ ಬಿತ್ತು. ಮುಂದಿನ ನಾಲ್ಕು ದಿನ ಬರೆಯಲು ಕಾಫಿಯೇ ಇರಲಿಲ್ಲ.)

"ಆ ಜಾಗಕ್ಕೆ ನಮ್ಮ ಬೀದಿ ಒಂದೇ ದಾರಿ," ಎಂದು ಅವರು ತಮ್ಮ ಜಗುಲಿಯ ಮೇಲೆ ನಿಂತು ಸಾರಿದರು. "ನಾನೂರು ಮನೆ ಅಂದ್ರೆ ಕಡಿಮೆ ಅಂದ್ರೂ ಆರುನೂರು ಗಾಡಿ. ಮಕ್ಕಳು ಸ್ಕೂಲಿಗೆ ಹೋಗೋದು ಹೇಗೆ? ವಯಸ್ಸಾದವರು ರಸ್ತೆ ದಾಟೋದು ಹೇಗೆ?"

"ನಮ್ಮ ಮಾತು ಯಾರು ಕೇಳ್ತಾರೆ ಸಾರ್?" ಎಂದ ಎದುರುಮನೆಯ ದರ್ಜಿ.

"ಮಾತು ಕೇಳಲ್ಲಪ್ಪ, ಲೆಕ್ಕ ಕೇಳ್ತಾರೆ. ಲೆಕ್ಕ ನನಗೆ ಬಿಡು. ಆ ಕಟ್ಟಡ ಹೇಗೆ ಮೇಲೇಳುತ್ತೋ ನೋಡೇಬಿಡ್ತೀನಿ."

ಹೀಗೆ ಬೀದಿ ಸಂರಕ್ಷಣಾ ಸಮಿತಿ ಹುಟ್ಟಿತು. ಅಧ್ಯಕ್ಷರನ್ನು ಯಾರೂ ಆರಿಸಲಿಲ್ಲ. ಅವರು ಆಗಲೇ ಕುರ್ಚಿ ತಂದು ಕೂತಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಮನೆ ಗೇಟಿನ ಮುಂದೆ ಕುರ್ಚಿ, ತೊಡೆಯ ಮೇಲೆ ಉದ್ದನೆಯ ರಿಜಿಸ್ಟರು, ಕತ್ತಿನಲ್ಲಿ ಡಿಪೋದ ಸೀಟಿ. ಹೋದ ಗಾಡಿಗೊಂದು ಗೆರೆ, ಬಂದ ಗಾಡಿಗೊಂದು ಗೆರೆ. ಮೂರನೆಯ ದಿನ ಹೆಂಡತಿ ಹಾಲಿನ ಚೀಲ ಹಿಡಿದು ಬಂದು ಹಿಂದೆ ನಿಂತಳು.

"ಏನ್ರೀ, ಇದನ್ನ ಬರ್ಕೊಂಡ್ರಾ?"

"ಯಾವುದನ್ನ?"

"ನಿಮ್ಮ ಬೆನ್ನ ಹಿಂದೆ ಇರೋದನ್ನ."

ಬೆನ್ನ ಹಿಂದೆ ಇದ್ದದ್ದು ಅವರ ಕಾರು. ಜೀವಮಾನವೆಲ್ಲ ಬೇರೆಯವರ ಗಾಡಿ ಬರೆದವರಿಗೆ ತಮ್ಮದೂ ಒಂದಿರಲಿ ಎಂಬ ಆಸೆ, ತಪ್ಪೇನಿಲ್ಲ. ನಿವೃತ್ತಿಯ ವಾರ ಒಂದು ಹಳೆಯ ಕಾರನ್ನು ಕೊಂಡು ತಂದು ಮನೆಯ ಮುಂದೆ, ಸರಿಯಾಗಿ ತಿರುವಿನಲ್ಲಿ, ನಿಲ್ಲಿಸಿದರು. ನಿಂತದ್ದು ನಿಂತೇಬಿಟ್ಟಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ; ಇವರೂ ಮೊದಲ ವರ್ಷ ದಿನಾ ಒರೆಸಿದರು. ಆಮೇಲೆ ಒಂದು ಟಾರ್ಪಾಲು ಹೊದಿಸಿದರು. ಮೆಕ್ಯಾನಿಕ್ಕು ಮುಂದಿನ ವಾರ ಬರುವವನಿದ್ದ. ಹನ್ನೊಂದು ವರ್ಷದಿಂದ ಮುಂದಿನ ವಾರವೇ. ಈಗ ಬೆಕ್ಕೊಂದು ಅದರಡಿ ಮೂರನೆಯ ಬಾಣಂತನ ಮುಗಿಸಿತ್ತು. ಬೀದಿಯವರು ಕಂಬ ಸುತ್ತಿಕೊಂಡು ಹೋಗುವ ಹಾಗೆ ಅದನ್ನು ಸುತ್ತಿಕೊಂಡು ಹೋಗುತ್ತಿದ್ದರು. ಅದೊಂದು ಕಾರು ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು.

"ಡಿಪೋದಲ್ಲಿ ಒಂದು ನಿಯಮ," ಎಂದರು ಟೈಮ್‌ಕೀಪರ್ ಗಂಭೀರವಾಗಿ. "ನಿಂತ ಗಾಡಿ ಲೆಕ್ಕಕ್ಕಿಲ್ಲ. ಗೇಟು ದಾಟಿದ್ರೆ ಮಾತ್ರ ಗಾಡಿ."

"ಹಾಲು ತರೋಕೆ ದಿನಾ ಇದರ ಹಿಂದಿಂದ ಕತ್ತು ಚಾಚಿ ನೋಡಿ ದಾಟ್ತೀನಿ. ನಾಲ್ಕು ಸಲ ಸ್ಕೂಟರ್ ಮೈಮೇಲೇ ಬಂದಿದೆ. ನಾನಾದ್ರೂ ಲೆಕ್ಕಕ್ಕಿದೀನಾ?"

"ಅದು ಮನೆ ವಿಷಯ. ಇದು ಊರಿನ ವಿಷಯ. ಮಧ್ಯೆ ಮಾತಾಡ್ಬೇಡ, ನೋಡು, ಒಂದು ಲಾರಿ ತಪ್ಪಿಹೋಯ್ತು."

ಆಕೆ ಒಳಗೆ ಹೋದಳು. ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿಕೊಂಡಿತು.

ಆಮೇಲೆ ಆಕ್ಷೇಪಣೆಯ ಪತ್ರಗಳ ಸರದಿ. ಮನೆಗೊಂದರಂತೆ ಅರವತ್ತು ಪತ್ರ. ಜನ ತಮಗೆ ತೋಚಿದ್ದು ಬರೆದರೆ ಕೆಡುತ್ತದೆ ಎಂದು ಅಧ್ಯಕ್ಷರು ತಾವೇ ಉಕ್ತಲೇಖನ ಕೊಟ್ಟರು: "ಮಾನ್ಯರೇ, ಸದರಿ ಬೃಹತ್ ನಿರ್ಮಾಣದಿಂದ ಸಂಚಾರ ವ್ಯವಸ್ಥೆಯು ಅಸ್ತವ್ಯಸ್ತಗೊಂಡು ನಾಗರಿಕರ ಪ್ರಾಣಕ್ಕೆ ಸಂಚಕಾರ ಒದಗುವುದರಿಂದ..." ದರ್ಜಿ ಸಂಚಕಾರ ಎಂದರೇನೆಂದು ಕೇಳಿದ. ಸುಮ್ಮನೆ ಬರಿ, ಸಾಕು ಎಂದರು ಅಧ್ಯಕ್ಷರು. ಹೆಂಡತಿ ಮಾತ್ರ ಉಕ್ತಲೇಖನಕ್ಕೆ ಕೂರಲಿಲ್ಲ. ಅಡುಗೆಮನೆಯಲ್ಲಿ ಏನೋ ಬರೆದು, ತಾನೇ ಹೋಗಿ ಅಂಚೆಗೆ ಹಾಕಿ ಬಂದಳು.

"ನನ್ನ ಒಕ್ಕಣೆ ಹಾಗೇ ಇಳಿಸಿದೀಯ ತಾನೇ?"

"ನಿಮ್ಮಷ್ಟು ದೊಡ್ಡ ಮಾತು ನನಗೆಲ್ಲಿ ಬರುತ್ತೆ?" ಎಂದಳು.

ಹದಿನೈದು ದಿನಕ್ಕೆ ನಗರಪಾಲಿಕೆಯಿಂದ ಉತ್ತರ ಬಂತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಖುದ್ದಾಗಿ ಬಂದು ಸ್ಥಳ ನೋಡುತ್ತಾರೆ, ತೀರ್ಮಾನವೂ ಅಂದೇ. ಟೈಮ್‌ಕೀಪರ್ ಎದೆ ಎರಡು ಅಂಗುಲ ಉಬ್ಬಿತು. ಅದೇ ಹೊತ್ತಿಗೆ ಅವರ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. (ಹೊಳೆದದ್ದೆಲ್ಲ ಬೆಳಕಲ್ಲ ಎಂದು ಆ ಕ್ಷಣ ಹೇಳುವವರು ಯಾರೂ ಇರಲಿಲ್ಲ. ಇದ್ದವಳು ಹಾಲು ತರಲು ಹೋಗಿದ್ದಳು.)

"ಲೆಕ್ಕ ತೋರಿಸಿದ್ರೆ ಸಾಲದು, ಕಣ್ಣಿಗೆ ಕಾಣಿಸ್ಬೇಕು," ಎಂದರು ಸಭೆಯಲ್ಲಿ. "ಹತ್ತಕ್ಕೆ ಸರಿಯಾಗಿ ನಾನು ಸೀಟಿ ಊದ್ತೀನಿ. ಎಲ್ಲರೂ ಒಟ್ಟಿಗೆ ಗಾಡಿ ಹೊರಗೆ ತೆಗೀರಿ. ಅರವತ್ತಕ್ಕೇ ಈ ಗತಿ, ಆರುನೂರಕ್ಕೆ ಏನು ಅಂತ ಅವರೇ ಅರ್ಥ ಮಾಡ್ಕೋತಾರೆ."

ಮಂಗಳವಾರ ಬಂತು. ಹತ್ತು ಹೊಡೆಯಿತು, ಸೀಟಿ ಕೂಗಿತು. ಅರವತ್ತು ಗೇಟು ಒಟ್ಟಿಗೆ ತೆರೆದವು. ಸ್ಕೂಟರು, ಕಾರು, ಆಟೋ, ದರ್ಜಿಯ ಬಟ್ಟೆ ಹೇರಿದ ಸೈಕಲ್ಲು, ಎಲ್ಲವೂ ಹೊರಬಂದು ತಿರುವಿನ ಕಡೆ ಹೊರಟು ಎರಡೇ ನಿಮಿಷದಲ್ಲಿ ಗಂಟು ಬಿದ್ದವು. ಎಂಥ ಗಂಟು! ಹಿಂದಿನವರು ಹಾರನ್ನು ಒತ್ತಿದರು, ಮುಂದಿನವರು ಬೈದರು, ಟೈಮ್‌ಕೀಪರ್ ಆನಂದದಿಂದ ಕಣ್ಣೊರೆಸಿಕೊಂಡರು. ಡಿಪೋದಲ್ಲೂ ಇಂಥದ್ದನ್ನು ಕಂಡಿರಲಿಲ್ಲ.

ಅಧಿಕಾರಿ ಬಂದರು. ಸಣ್ಣ ದೇಹದ, ಮೆಲುಮಾತಿನ ಹೆಂಗಸು. ಕೈಯಲ್ಲೊಂದು ಅಳತೆಯ ಟೇಪು. ಗಾಡಿಗಳ ನಡುವೆ ಅಡ್ಡಡ್ಡ ನುಸುಳಿಕೊಂಡು ಬಂದರು.

"ನೋಡಿದ್ರಾ ಮೇಡಂ?" ಎಂದರು ಅಧ್ಯಕ್ಷರು. "ಇದು ನಮ್ಮ ದಿನನಿತ್ಯದ ನರಕ!"

"ನೋಡ್ದೆ. ಈ ಗಂಟು ಎಲ್ಲಿಂದ ಶುರುವಾಗಿದೆ?"

ಈ ಪ್ರಶ್ನೆಯನ್ನು ಅಧ್ಯಕ್ಷರು ನಿರೀಕ್ಷಿಸಿರಲಿಲ್ಲ. ಅಧಿಕಾರಿ ಗಾಡಿಗಳನ್ನು ದಾಟುತ್ತ ಮುಂದೆ ಮುಂದೆ ನಡೆದರು. ಹಿಂದೆ ಅಧ್ಯಕ್ಷರು, ಅವರ ಹಿಂದೆ ಇಡೀ ಬೀದಿ. ತಿರುವಿಗೆ ಬಂದು ನಿಂತರು. ಎಲ್ಲಕ್ಕಿಂತ ಮುಂದಿದ್ದ ಆಟೋ ಒಂದು ಟಾರ್ಪಾಲಿಗೆ ಮೂತಿ ಒತ್ತಿ ನಿಂತಿತ್ತು. ಒಳಗಿನಿಂದ ಬೆಕ್ಕು ಇಣುಕಿತು.

ಟೇಪು ಬಿಚ್ಚಿಕೊಂಡಿತು. "ರಸ್ತೆ ಇಪ್ಪತ್ತು ಅಡಿ. ಇದನ್ನ ಕಳೆದು ಉಳಿದದ್ದು ಹನ್ನೆರಡು." ಅಧಿಕಾರಿ ತಲೆಯೆತ್ತಿದರು. "ಇದು ಯಾರದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈಮ್‌ಕೀಪರ್ ಕೈ ತಾನಾಗಿ ಜೇಬಿನ ಕೀಲಿಯ ಮೇಲೆ ಹೋಯಿತು. "ಇದು... ನಿಂತ ಗಾಡಿ ಮೇಡಂ. ಲೆಕ್ಕಕ್ಕಿಲ್ಲ," ಎಂದರು. ದನಿ ಅವರದ್ದೇ, ಧೈರ್ಯ ಅವರದ್ದಲ್ಲ. ಅರವತ್ತು ಮನೆಯವರ ಕಣ್ಣು ಅವರ ಮೇಲಿತ್ತು. ಈ ಕಾರೊಂದನ್ನು ಎತ್ತಿದರೆ ರಸ್ತೆ ಸಾಕು ಎಂದು ಈಕೆ ಬರೆದುಬಿಟ್ಟರೆ ಎಲ್ಲ ಮುಗಿದಂತೆ. ಬೀದಿಯನ್ನು ಮುಳುಗಿಸಿದ್ದು ತಾವೇ. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಅಧಿಕಾರಿ ಫೈಲು ತೆರೆದರು. "ನಿಮ್ಮ ಬೀದಿಯಿಂದ ಅರವತ್ತು ಪತ್ರ ಬಂದಿದ್ವು. ಎಲ್ಲದರಲ್ಲೂ ಒಂದೇ ಒಕ್ಕಣೆ. ಅದನ್ನೆಲ್ಲ ಒಂದೇ ಅಂತ ತೆಗೆದುಕೊಂಡು ಪಕ್ಕಕ್ಕಿಟ್ವಿ. ನಾನು ಬಂದದ್ದು ಅರವತ್ತೊಂದನೇದು ಓದಿ." ಗಟ್ಟಿಯಾಗಿ ಓದಿದರು: "'ನಮ್ಮ ಮನೆಯವರ ಕಾರು ತಿರುವಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಓಡದ ಒಂದು ಕಾರಿಂದಲೇ ನಾನು ನಾಲ್ಕು ಸಲ ಸಾಯೋದು ಸ್ವಲ್ಪದ್ರಲ್ಲಿ ತಪ್ಪಿದೆ. ಅದನ್ನ ಎತ್ತಿಸೋಕೆ ಕಟ್ಟಿಕೊಂಡ ಹೆಂಡತಿ ಕೈಲೇ ಆಗಿಲ್ಲ. ನಾಳೆ ನಾನೂರು ಮನೆಗೆ ಬಂದು ಹೋಗೋರು ಈ ಬೀದಿಯಲ್ಲಿ ನಿಲ್ಲಿಸೋ ಗಾಡಿಗಳನ್ನ ಎತ್ತಿಸೋರು ಯಾರು?'"

ದರ್ಜಿ ಮೊದಲು ಚಪ್ಪಾಳೆ ತಟ್ಟಿದ.

"ಇದಕ್ಕೆ ಕಟ್ಟಡದವರ ಹತ್ರ ಉತ್ತರ ಇಲ್ಲ," ಎಂದರು ಅಧಿಕಾರಿ. ಅಲ್ಲೇ ನಿಂತು ಬರೆದರು: ಕಟ್ಟಡ ಐದು ಮಹಡಿಗೆ ಇಳಿಯಬೇಕು; ಗಾಡಿಗಳೆಲ್ಲ ಕಾರ್ಖಾನೆಯ ಹಿಂಬದಿ ಗೋಡೆ ಒಡೆದು ಆಚೆಯ ದೊಡ್ಡ ರಸ್ತೆಗೆ ಹೋಗಬೇಕು; ಈ ಬೀದಿಗೆ ಒಂದೂ ಬರಕೂಡದು. ಜನ ಕೇಕೆ ಹಾಕಿದರು. "ಇನ್ನೊಂದಿದೆ. ಈ ಕಾರು ಇವತ್ತು ಸಾಯಂಕಾಲದೊಳಗೆ ಇಲ್ಲಿರಬಾರದು."

ಆಗ ಇನ್ನೂ ಜೋರಾಗಿ ಕೇಕೆ ಹಾಕಿದರು.

ಇಡೀ ಬೀದಿ ಸೇರಿ ಕಾರನ್ನು ಎರಡು ಬೀದಿ ಆಚೆಯ ಗ್ಯಾರೇಜಿಗೆ ತಳ್ಳಿಕೊಂಡು ಹೋಯಿತು. ಬೆಕ್ಕಿನ ಸಂಸಾರ ದರ್ಜಿಯ ಅಂಗಡಿಗೆ ಬಿಡಾರ ಬದಲಿಸಿತು. ಟೈಮ್‌ಕೀಪರ್ ಸ್ಟಿಯರಿಂಗ್ ಹಿಡಿದಿದ್ದರು, ಕಣ್ಣು ತೇವವಾಗಿತ್ತು. ಅವರ ಕಾರು ಹನ್ನೊಂದು ವರ್ಷದಲ್ಲಿ ಮೊದಲ ಸಲ ಓಡಿತ್ತು. "ಅಷ್ಟು ವರ್ಷ ನೀನು ಬರಲೇ ಇಲ್ಲವಲ್ಲಯ್ಯ," ಎಂದು ಮೆಕ್ಯಾನಿಕ್ಕಿನ ಮೇಲೆ ಹರಿಹಾಯ್ದರು. "ನೀವು ಕರೆದ್ರೆ ತಾನೇ ಸಾರ್," ಎಂದ ಅವನು.

ಅದೇ ಸಂಜೆ ಸಮಿತಿ ಹೊಸ ಅಧ್ಯಕ್ಷೆಯನ್ನು ಆರಿಸಿತು. ಕುರ್ಚಿಯನ್ನೂ ಅಧ್ಯಕ್ಷೆಯನ್ನೂ ಮೂಲೆಮನೆಯಿಂದಲೇ ತಂದರು. ಕೂತವರು ಮಾತ್ರ ಬದಲಾದರು.

ಮರುದಿನ ಬೆಳಿಗ್ಗೆ ಆರಕ್ಕೆ ಟೈಮ್‌ಕೀಪರ್ ಅಭ್ಯಾಸಬಲದಿಂದ ಹೊರಗೆ ಬಂದರು. ಕುರ್ಚಿ ಇರಲಿಲ್ಲ. ಕಾರಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಅದರ ಮೇಲೆ ಹೋಗಿ, ರಿಜಿಸ್ಟರು ಹಿಡಿದು, ಬಹಳ ಹೊತ್ತು ನಿಂತರು. ಪೇಪರಿನ ಹುಡುಗಿ ಸೈಕಲ್ಲಿನ ಗಂಟೆ ಹೊಡೆದು, "ತಾತ, ತಿರುವಲ್ಲಿ ನಿಲ್ಬೇಡಿ, ಅಡ್ಡ ಆಗುತ್ತೆ," ಎಂದು ಸುತ್ತಿಕೊಂಡು ಹೋದಳು.

ಅಷ್ಟರಲ್ಲಿ ಹೆಂಡತಿ ಹಾಲಿನ ಚೀಲ ಹಿಡಿದು, ಎರಡೂ ಕಡೆ ನೋಡಿ, ಕತ್ತು ಚಾಚದೆ, ಆರಾಮಾಗಿ ರಸ್ತೆ ದಾಟಿ ಬಂದಳು.

"ಈಗ ಹೋದ ಸೈಕಲ್ಲು ಬರ್ಕೊಂಡೆ," ಎಂದರು ಟೈಮ್‌ಕೀಪರ್, ಏನಾದರೂ ಹೇಳಬೇಕಲ್ಲ ಎಂದು. "ನನಗೆ ಕಾಫಿ?"

"ಓಡಾಡೋರಿಗೆ ಕಾಫಿ ಆಗಲೇ ಆಯ್ತು," ಎಂದು ಚೀಲವನ್ನು ಅವರ ಕೈಗೆ ಕೊಟ್ಟು ಒಳಗೆ ನಡೆದಳು. "ನಿಂತೋರು ಲೆಕ್ಕಕ್ಕಿಲ್ಲ."